ಮನೆ, ಮಗು, ಜೀವನಾಂಶ: ಭಾರತದ ಕುಟುಂಬ ಕಾನೂನು ಸಂಸಾರಗಳಿಗೆ ಮಾಡಿದ್ದೇನು?

ಭಾರತದಲ್ಲಿ ಕುಟುಂಬ ಕಾನೂನಿನ ಚರ್ಚೆ ಬಹುಮಟ್ಟಿಗೆ ವಿಚ್ಛೇದನದ ಸುತ್ತಲೇ ನಡೆಯುತ್ತದೆ. ವಿಚ್ಛೇದನ ಸುಲಭವಾದರೆ ಸಂಸಾರಗಳು ಒಡೆಯುತ್ತವೆ ಎಂಬುದು ಒಂದು ಪಕ್ಷದ ಆತಂಕವಾದರೆ, ಅದು ಕಷ್ಟವಾದಷ್ಟೂ ಮುರಿದ ದಾಂಪತ್ಯದಲ್ಲಿ ಜನ ಸೆರೆಯಾಗುತ್ತಾರೆ ಎಂಬುದು ಇನ್ನೊಂದು ಪಕ್ಷದ ವಾದ. 2011ರ ಜನಗಣತಿಯ ಅಂಕಿಗಳನ್ನು ನೋಡಿದರೆ ಎರಡೂ ಪಕ್ಷಗಳು ಸಣ್ಣ ಗುಂಪೊಂದರ ಬಗ್ಗೆಯಷ್ಟೇ ಮಾತನಾಡುತ್ತಿವೆ ಎನಿಸುತ್ತದೆ. ಆ ಗಣತಿಯಲ್ಲಿ ವಿಚ್ಛೇದಿತರೆಂದು ದಾಖಲಾದವರು ಸುಮಾರು 13.6 ಲಕ್ಷ, ವಿಚ್ಛೇದನವಿಲ್ಲದೆ ಬೇರೆಯಾಗಿ ಬಾಳುತ್ತಿರುವವರೆಂದು ದಾಖಲಾದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಎರಡೂ ಗುಂಪುಗಳಲ್ಲಿ ಹೆಂಗಸರ ಸಂಖ್ಯೆ ಗಂಡಸರ ಸಂಖ್ಯೆಯ ಸುಮಾರು ಇಮ್ಮಡಿ ಇರುವುದಕ್ಕೆ, ಬೇರ್ಪಟ್ಟ ಗಂಡಸು ಬೇಗ ಮರುಮದುವೆಯಾಗುತ್ತಾನೆ, ಹೆಂಗಸು ಆಗುವುದಿಲ್ಲ ಅಥವಾ ಆಗಲು ಬಿಡುವುದಿಲ್ಲ ಎಂಬುದು ಒಂದು ಮುಖ್ಯ ಕಾರಣವಿರಬಹುದು. ಹೀಗೆ ಮುರಿದ ಸಂಸಾರಗಳಲ್ಲಿ ಹೆಚ್ಚಿನವು ನ್ಯಾಯಾಲಯದ ಆದೇಶವನ್ನು ಪಡೆಯದೆ, ಮದುವೆಗೂ ವಿಚ್ಛೇದನಕ್ಕೂ ನಡುವಿನ ಸ್ಥಿತಿಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಆದ್ದರಿಂದ ಕಾನೂನು ಆಧುನಿಕ ಕುಟುಂಬವನ್ನು ಹೇಗೆ ತಟ್ಟುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ವಿಚ್ಛೇದನದ ಕಲಮುಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಈ ನಡುವಿನ ಅವಧಿಯಲ್ಲಿ ಯಾರಿಗೆ ಮನೆ ಉಳಿಯುತ್ತದೆ, ಯಾರ ಕೈಯಲ್ಲಿ ಹಣವಿರುತ್ತದೆ, ಮಗು ಎಲ್ಲಿರುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಇಂದಿನ ಹಿಂದೂ ಕುಟುಂಬ ಕಾನೂನಿನ ಬೇರುಗಳಲ್ಲಿ ಒಂದು ಕನ್ನಡ ನಾಡಿನಲ್ಲಿಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು, ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಬಹುಭಾಗದಲ್ಲಿ, ಅವಿಭಕ್ತ ಕುಟುಂಬದ ಆಸ್ತಿ ವ್ಯಾಜ್ಯಗಳನ್ನು ತೀರ್ಮಾನಿಸಲು ಬ್ರಿಟಿಷ್ ನ್ಯಾಯಾಲಯಗಳು ಹಿಡಿದ ಪ್ರಮಾಣ ಗ್ರಂಥವಾಯಿತು. ಗಂಡುಮಗು ಹುಟ್ಟುತ್ತಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುದಾರನಾಗುತ್ತಾನೆ ಎಂಬ ಅದರ ತತ್ತ್ವ ಕುಟುಂಬವನ್ನು ಗಂಡಸರ ಆಸ್ತಿಕೂಟವನ್ನಾಗಿ ನೋಡುತ್ತಿತ್ತು. ಸೊಸೆಯಾಗಿ ಬಂದವಳಿಗೆ ಅಲ್ಲಿ ಅನ್ನ ಬಟ್ಟೆಯ ಹಕ್ಕಿತ್ತೇ ಹೊರತು ಪಾಲಿನ ಹಕ್ಕಿರಲಿಲ್ಲ. ಮದುವೆಯು ಸಂಸ್ಕಾರವಾದ್ದರಿಂದ ಅದನ್ನು ಮುರಿಯಲಾಗದು ಎಂಬ ಶಾಸ್ತ್ರದ ನಿಲುವು ಇದರೊಡನೆ ಸೇರಿತು. ಮೇಲ್ಜಾತಿಗಳಿಗೆ ಒಪ್ಪುವ ಈ ನಿಲುವನ್ನೇ ಸಮಸ್ತ ಹಿಂದೂಗಳ ಕಾನೂನೆಂದು ವಸಾಹತು ನ್ಯಾಯಾಲಯಗಳು ಬಗೆದದ್ದರಿಂದ ಬಹುಸಂಖ್ಯಾತರ ರೂಢಿಗಳು ಅಂಚಿಗೆ ಸರಿದವು.

ಆ ರೂಢಿಗಳ ಬಗ್ಗೆ ಇಲ್ಲಿ ತುಸು ನಿಂತು ಹೇಳುವುದು ಅಗತ್ಯ, ಏಕೆಂದರೆ ವಿಚ್ಛೇದನವು ಪಶ್ಚಿಮದಿಂದ ಬಂದ ಹೊಸ ಪಿಡುಗು ಎಂಬ ಮಾತು ಕನ್ನಡದ ಸಾರ್ವಜನಿಕ ಚರ್ಚೆಯಲ್ಲಿ ಇಂದಿಗೂ ಸವೆದಿಲ್ಲ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಹಿರಿಯರ ಪಂಚಾಯಿತಿಯ ಮುಂದೆ ‘ಸೋಡಚೀಟಿ’ ಬರೆದುಕೊಟ್ಟು ಸಂಬಂಧ ಕಡಿದುಕೊಳ್ಳುವ ಪದ್ಧತಿ ಇತ್ತು. ವಿಧವೆಯಾದವಳು ಅಥವಾ ಗಂಡನನ್ನು ಬಿಟ್ಟವಳು ‘ಉಡಿಕೆ’ ಅಥವಾ ‘ಕೂಡಿಕೆ’ ಎಂಬ ಸರಳ ವಿಧಿಯ ಮೂಲಕ ಮತ್ತೊಬ್ಬನೊಡನೆ ಸಂಸಾರ ಹೂಡಬಹುದಿತ್ತು. ಮೊದಲ ಮದುವೆಯ ಮರ್ಯಾದೆ ಅದಕ್ಕೆ ಇರಲಿಲ್ಲವಾದರೂ ಅದರಿಂದ ಹುಟ್ಟಿದ ಮಕ್ಕಳನ್ನು ಊರು ಒಪ್ಪುತ್ತಿತ್ತು. ದಕ್ಷಿಣ ಕನ್ನಡದ ಅಳಿಯಸಂತಾನ ಪದ್ಧತಿ ಇನ್ನೂ ಬೇರೆ ಬಗೆಯದು. ವಂಶ ಮತ್ತು ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಈ ಪದ್ಧತಿಯಲ್ಲಿ ಮಕ್ಕಳು ತಾಯಿಯ ‘ಕವರು’, ಅಂದರೆ ಒಬ್ಬ ಸ್ತ್ರೀಯ ಸಂತತಿಯಿಂದಾದ ಕುಟುಂಬದ ಕವಲಿಗೆ ಸೇರಿದವರಾಗಿದ್ದರು. ಸಂಬಂಧ ಮುರಿದರೂ ಹೆಂಗಸಿಗೆ ತನ್ನ ಕುಟುಂಬದ ಮನೆಯಲ್ಲಿ ಇರುವ ಹಕ್ಕು ಉಳಿಯುತ್ತಿತ್ತು, ಮಗು ಯಾರದೆಂಬ ಪ್ರಶ್ನೆಯೂ ಏಳುತ್ತಿರಲಿಲ್ಲ. ಈ ಪದ್ಧತಿಯನ್ನು ಆದರ್ಶವೆಂದು ಹೊಗಳಬೇಕಾಗಿಲ್ಲ. ಆಡಳಿತ ಬಹುಪಾಲು ಸೋದರಮಾವಂದಿರ ಕೈಯಲ್ಲೇ ಇತ್ತು. ಆದರೂ ದಾಂಪತ್ಯ ಮುರಿಯುವುದು ಹೆಣ್ಣಿಗೆ ಎಷ್ಟು ದೊಡ್ಡ ವಿಪತ್ತಾಗುತ್ತದೆ ಎಂಬುದನ್ನು ಅವಳಿಗೆ ತನ್ನದೆಂಬ ಸೂರು ಇದೆಯೇ ಎಂಬುದೇ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕನ್ನಡಿಗರು ಒಂದೇ ಕಾನೂನಿನ ಕೆಳಗೆ ಇರಲಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. 1933ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಅಧಿನಿಯಮದ ಮೂಲಕ ವಿಧವೆ, ತಾಯಿ, ಅವಿವಾಹಿತ ಮಗಳು ಮುಂತಾದವರಿಗೆ ವಿಭಾಗದ ಸಮಯದಲ್ಲಿ ಪಾಲು ಕೊಟ್ಟಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳಿಗೆ ಮುಂಬಯಿ ಪ್ರಾಂತ್ಯದ 1946ರ ದ್ವಿಪತ್ನಿತ್ವ ನಿಷೇಧ ಮತ್ತು 1947ರ ಹಿಂದೂ ವಿಚ್ಛೇದನ ಕಾನೂನುಗಳು ಅನ್ವಯಿಸುತ್ತಿದ್ದರೆ, ದಕ್ಷಿಣ ಕನ್ನಡಕ್ಕೆ ಮದರಾಸು ಪ್ರಾಂತ್ಯದ 1949ರ ಕಾನೂನುಗಳು ಅನ್ವಯಿಸುತ್ತಿದ್ದವು. ಇವೆಲ್ಲವನ್ನೂ ಒಂದುಗೂಡಿಸುವ ಹಿಂದೂ ಸಂಹಿತೆಯ ಕರಡನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂಹಿತೆಗೆ ಸಂಸತ್ತಿನಲ್ಲಿ ಎದುರಾದ ವಿರೋಧ ಮತ್ತು 1951ರಲ್ಲಿ ಅಂಬೇಡ್ಕರ್ ಅವರ ರಾಜೀನಾಮೆ ಎಲ್ಲರಿಗೂ ತಿಳಿದ ಕಥೆ. ಕೊನೆಗೆ ಅದು ತುಂಡುತುಂಡಾಗಿ, 1955 ಮತ್ತು 1956ರ ನಾಲ್ಕು ಅಧಿನಿಯಮಗಳಾಗಿ ಜಾರಿಗೆ ಬಂತು. ಹಿಂದೂ ವಿವಾಹ ಅಧಿನಿಯಮದ 29ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆಯಾದರೂ, ಆ ರೂಢಿ ಪ್ರಾಚೀನವೂ ನಿರಂತರವೂ ಆಗಿದೆ ಎಂದು ಸಾಬೀತುಮಾಡುವ ಹೊಣೆಯನ್ನು ನ್ಯಾಯಾಲಯಗಳು ಅದನ್ನು ನೆಚ್ಚಿದವರ ಮೇಲೆಯೇ ಹೊರಿಸಿವೆ. ಹೀಗಾಗಿ ಇಂದಿಗೂ ಊರ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಸಹಿ ಹಾಕಿ ಬೇರೆಯಾದ ದಂಪತಿಗಳಲ್ಲಿ ಹಲವರು ಕಾನೂನಿನ ಕಣ್ಣಿನಲ್ಲಿ ಗಂಡ ಹೆಂಡಿರಾಗಿಯೇ ಉಳಿದಿರುತ್ತಾರೆ. ಅವರಲ್ಲಿ ಒಬ್ಬರು ಮಾಡಿಕೊಳ್ಳುವ ಎರಡನೇ ಸಂಬಂಧ ಅಸಿಂಧುವಾಗುತ್ತದೆ. 1988ರಲ್ಲಿ ಸುಪ್ರೀಂ ಕೋರ್ಟ್ ಅಂತಹ ಎರಡನೇ ಹೆಂಡತಿಗೆ ದಂಡ ಪ್ರಕ್ರಿಯಾ ಸಂಹಿತೆಯಡಿ ಜೀವನಾಂಶ ಸಲ್ಲದು ಎಂದು ಹೇಳಿತು. ಅಂತಹ ಸಂಬಂಧದ ಮಕ್ಕಳನ್ನು ಮಾತ್ರ ಹಿಂದೂ ವಿವಾಹ ಅಧಿನಿಯಮದ 16ನೇ ಕಲಮು ಕಾಪಾಡುತ್ತದೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬೇಕಾದ ಪಾಲಿನಲ್ಲಿ ಈ ಮಕ್ಕಳಿಗೂ ಹಕ್ಕಿದೆ ಎಂದು ತೀರ್ಪು ನೀಡಿ ಬಹುಕಾಲದ ಗೊಂದಲವನ್ನು ಮುಗಿಸಿತು.

ಮದುವೆಯನ್ನು ಪ್ರವೇಶಿಸುವ ಹಂತದಲ್ಲಿ ಕಾನೂನು ನೋಡುವುದು ಮುಖ್ಯವಾಗಿ ವಯಸ್ಸು ಮತ್ತು ವಿಧಿಗಳನ್ನು. 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮವು ಬಾಲ್ಯವಿವಾಹವನ್ನು ಶಿಕ್ಷಾರ್ಹ ಮಾಡಿದರೂ, ಮದುವೆಯಾದ ಮಗು ತಾನೇ ಕೇಳಿದರೆ ಮಾತ್ರ ರದ್ದಾಗುವಂಥದ್ದು ಎಂದು ಬಿಟ್ಟಿತ್ತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿಯ ವರದಿಯ ನಂತರ ಕರ್ನಾಟಕವು ತನ್ನದೇ ತಿದ್ದುಪಡಿ ತಂದು ಬಾಲ್ಯವಿವಾಹವು ಮೊದಲಿಂದಲೇ ಅಸಿಂಧು ಎಂದು ಘೋಷಿಸಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾಗಿದ್ದರು. ಅದಕ್ಕೂ ಹಿಂದಿನ ಸಮೀಕ್ಷೆಯ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಮದುವೆ ಅಸಿಂಧುವೆಂದು ಸಾರಿದಾಗ ಈಗಾಗಲೇ ಮದುವೆಯಾಗಿ ತಾಯಿಯಾದ ಹುಡುಗಿಯ ಜೀವನಾಂಶದ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ, ಕಠಿಣ ಕಾನೂನಿನ ಉತ್ಸಾಹದಲ್ಲಿ ಇದನ್ನು ಮರೆಯುವುದು ಸುಲಭ.

ವಿಧಿಗಳ ವಿಷಯದಲ್ಲಿ ಕನ್ನಡಿಗರಿಗೆ ಹತ್ತಿರವಾದ ಒಂದು ತೊಡಕಿದೆ. ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮದುವೆಯಾಗಲು ಕುವೆಂಪು ರೂಪಿಸಿದ ‘ಮಂತ್ರಮಾಂಗಲ್ಯ’ ಕರ್ನಾಟಕದಲ್ಲಿ ವಿಚಾರವಂತ ಕುಟುಂಬಗಳ ಗೌರವ ಪಡೆದಿದೆ. ಆದರೆ ಹಿಂದೂ ವಿವಾಹ ಅಧಿನಿಯಮದ 7ನೇ ಕಲಮು ಮದುವೆಯು ವಧು ಅಥವಾ ವರನ ಕಡೆಯ ರೂಢಿಗತ ವಿಧಿಗಳಂತೆ ನಡೆಯಬೇಕೆಂದು ಕೇಳುತ್ತದೆ. ಇಂತಹ ಸರಳ ಮದುವೆಗಳಿಗೆ ಮಾನ್ಯತೆ ಕೊಡಲು ತಮಿಳುನಾಡು 1967ರಲ್ಲಿಯೇ 7ಎ ಎಂಬ ಕಲಮನ್ನು ಸೇರಿಸಿತು. 2024ರಲ್ಲಿ ಸುಪ್ರೀಂ ಕೋರ್ಟ್, ವಿಧಿಗಳು ನಡೆಯದಿದ್ದರೆ ನೋಂದಣಿ ಪತ್ರವೊಂದರಿಂದಲೇ ಹಿಂದೂ ಮದುವೆ ಆಗಿಬಿಡುವುದಿಲ್ಲ ಎಂದು ಹೇಳಿದ ಮೇಲೆ, ಮಂತ್ರಮಾಂಗಲ್ಯದ ದಾರಿ ಹಿಡಿಯುವವರು 1954ರ ವಿಶೇಷ ವಿವಾಹ ಅಧಿನಿಯಮದ ಅಡಿಯಲ್ಲಿ ನೋಂದಾಯಿಸಿಕೊಳ್ಳುವುದು ಕ್ಷೇಮ. ಆ ಅಧಿನಿಯಮದ ಅಡಿಯಲ್ಲಿ ಹೊಸದಾಗಿ ಮದುವೆಯಾಗುವವರ ಹೆಸರನ್ನು ಮೂವತ್ತು ದಿನ ಸೂಚನಾ ಫಲಕದಲ್ಲಿ ತೂಗುಹಾಕುವ ನಿಯಮವು, ಮನೆಯವರ ವಿರೋಧ ಕಟ್ಟಿಕೊಂಡು ಬಂದ ಅಂತರ್ಜಾತೀಯ, ಅಂತರ್ಧರ್ಮೀಯ ಜೋಡಿಗಳಿಗೆ ರಕ್ಷಣೆಗಿಂತ ಅಪಾಯವನ್ನೇ ತರುತ್ತದೆ.

ವಿಚ್ಛೇದನದ ಕಾನೂನು ಮೂರು ಮೆಟ್ಟಿಲುಗಳಲ್ಲಿ ಬೆಳೆದಿದೆ. 1955ರ ಮೂಲ ಅಧಿನಿಯಮವು ತಪ್ಪಿನ ತತ್ತ್ವವನ್ನು ಅನುಸರಿಸಿತ್ತು. ಅಂದರೆ ಒಬ್ಬರು ತಪ್ಪಿತಸ್ಥರೆಂದು ಇನ್ನೊಬ್ಬರು ಸಾಬೀತುಪಡಿಸಿದರೆ ಮಾತ್ರ ಬಿಡುಗಡೆ. ಆಗ ಕ್ರೌರ್ಯ ಮತ್ತು ಪರಿತ್ಯಾಗಗಳಿಗೆ ನ್ಯಾಯಿಕ ಪ್ರತ್ಯೇಕತೆ, ಅಂದರೆ ಮದುವೆ ಉಳಿದೇ ಇದ್ದು ಬೇರೆ ಬಾಳುವ ಅನುಮತಿ ಮಾತ್ರ ಸಿಗುತ್ತಿತ್ತು. 1976ರ ತಿದ್ದುಪಡಿ ಇವೆರಡನ್ನೂ ವಿಚ್ಛೇದನದ ಆಧಾರಗಳನ್ನಾಗಿ ಮಾಡಿದ್ದಲ್ಲದೆ, 13ಬಿ ಕಲಮಿನ ಮೂಲಕ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ತಂದಿತು. ಒಂದು ವರ್ಷ ಬೇರೆಯಾಗಿದ್ದ ದಂಪತಿ ಒಟ್ಟಾಗಿ ಅರ್ಜಿ ಹಾಕಿ, ಮತ್ತೆ ಆರು ತಿಂಗಳು ಕಾದು ಅದೇ ಇಚ್ಛೆಯನ್ನು ಎರಡನೇ ಬಾರಿ ಹೇಳಬೇಕು. ಈ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ಸಮಾಧಾನದ ಎಲ್ಲ ದಾರಿಗಳೂ ಮುಚ್ಚಿದ್ದರೆ ನ್ಯಾಯಾಲಯ ಅದನ್ನು ಕೈಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಮೂರನೆಯ ಮೆಟ್ಟಿಲು, ಅಂದರೆ ಮತ್ತೆ ಕೂಡಿಸಲಾಗದಂತೆ ಮುರಿದುಬಿದ್ದ ಮದುವೆಯನ್ನು ಅದೇ ಕಾರಣಕ್ಕಾಗಿ ರದ್ದುಮಾಡುವುದು, ಇನ್ನೂ ಶಾಸನವಾಗಿಲ್ಲ. ಕಾನೂನು ಆಯೋಗವು 1978ರಲ್ಲಿಯೇ ಇದನ್ನು ಶಿಫಾರಸು ಮಾಡಿತ್ತು, 2009ರಲ್ಲಿ ಮತ್ತೆ ಮಾಡಿತು. 2023ರ ಮೇ 1ರಂದು ಸಂವಿಧಾನ ಪೀಠವು, 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಸುಪ್ರೀಂ ಕೋರ್ಟ್ ಇಂತಹ ಮದುವೆಗಳನ್ನು ರದ್ದುಮಾಡಬಹುದು ಎಂದಿತು. ಆದರೆ ಈ ಅಧಿಕಾರ ಕೌಟುಂಬಿಕ ನ್ಯಾಯಾಲಯಗಳಿಗೂ ಹೈಕೋರ್ಟುಗಳಿಗೂ ಇಲ್ಲ. ಹೀಗಾಗಿ ದೆಹಲಿಯವರೆಗೆ ಹೋಗಿ ಹೋರಾಡುವ ತಾಕತ್ತಿದ್ದವರಿಗೆ ಒಂದು ಕಾನೂನು, ಹಾವೇರಿಯಲ್ಲೋ ಕೊಪ್ಪಳದಲ್ಲೋ ಅರ್ಜಿ ಹಾಕಿ ಕುಳಿತವರಿಗೆ ಇನ್ನೊಂದು ಕಾನೂನು ಎಂಬಂತಾಗಿದೆ. ತಪ್ಪಿನ ತತ್ತ್ವ ಇನ್ನೂ ಕೇಂದ್ರದಲ್ಲಿರುವುದರಿಂದ, ಒಪ್ಪಿಗೆ ಸಿಗದ ದಂಪತಿ ಪರಸ್ಪರ ಕೆಸರೆರಚುವುದು ಅನಿವಾರ್ಯವಾಗುತ್ತದೆ, ಅರ್ಜಿಯಲ್ಲಿ ಬರೆದ ಮಾತುಗಳು ಮುಂದೆ ಮಕ್ಕಳ ಕಣ್ಣಿಗೂ ಬೀಳುತ್ತವೆ.

ಬೇರೆ ಧರ್ಮಗಳ ಕಾನೂನುಗಳೂ ಬೇರೆ ಬೇರೆ ವೇಗದಲ್ಲಿ ಇದೇ ದಿಕ್ಕಿನಲ್ಲಿ ಸಾಗಿವೆ. 1869ರ ವಿಚ್ಛೇದನ ಅಧಿನಿಯಮದಂತೆ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿದ್ದರೆ, ಹೆಂಡತಿಗೆ ಅದರೊಡನೆ ಕ್ರೌರ್ಯ ಅಥವಾ ಪರಿತ್ಯಾಗದಂತಹ ಇನ್ನೊಂದು ಕಾರಣವೂ ಬೇಕಿತ್ತು. ಈ ತಾರತಮ್ಯ 2001ರವರೆಗೆ ಉಳಿದಿತ್ತು. ಆಗ ಸೇರಿಸಿದ ಪರಸ್ಪರ ಒಪ್ಪಿಗೆಯ ಕಲಮು ಕ್ರೈಸ್ತರಿಗೆ ಮಾತ್ರ ಎರಡು ವರ್ಷದ ಪ್ರತ್ಯೇಕ ವಾಸ ವಿಧಿಸಿದ್ದನ್ನು ಕೇರಳ ಮತ್ತು ಕರ್ನಾಟಕ ಹೈಕೋರ್ಟುಗಳು ಒಂದು ವರ್ಷಕ್ಕೆ ಇಳಿಸಿದವು. ಮುಸ್ಲಿಂ ಹೆಂಗಸರಿಗೆ 1939ರ ಅಧಿನಿಯಮವೇ ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆಯಲು ಅನೇಕ ಆಧಾರಗಳನ್ನು ಕೊಟ್ಟಿತ್ತು ಎಂಬುದನ್ನು ತ್ರಿವಳಿ ತಲಾಖಿನ ಗದ್ದಲದಲ್ಲಿ ಬಹಳಷ್ಟು ಜನ ಮರೆತರು. ಸುಪ್ರೀಂ ಕೋರ್ಟ್ 2017ರಲ್ಲಿ ತ್ರಿವಳಿ ತಲಾಖನ್ನು ತಳ್ಳಿಹಾಕಿತು, 2019ರ ಶಾಸನ ಅದನ್ನು ಮೂರು ವರ್ಷದವರೆಗಿನ ಸೆರೆವಾಸದ ಅಪರಾಧವನ್ನಾಗಿ ಮಾಡಿತು. ಸಿವಿಲ್ ಸ್ವರೂಪದ ತಪ್ಪಿಗೆ ಸೆರೆವಾಸವನ್ನು ಒಂದೇ ಸಮುದಾಯದ ಗಂಡಂದಿರಿಗೆ ವಿಧಿಸುವುದು, ಜೈಲಿಗೆ ಹೋದ ಗಂಡನಿಂದಲೇ ಜೀವನಾಂಶ ಬರಲಿ ಎಂದು ಕಾಯುವುದು, ಎರಡೂ ಒಂದೇ ಶಾಸನದಲ್ಲಿ ಹೇಗೆ ಹೊಂದುತ್ತವೆ ಎಂಬುದಕ್ಕೆ ಸಮಾಧಾನಕರ ಉತ್ತರ ಬಂದಿಲ್ಲ.

ಜೀವನಾಂಶದ ಕಾನೂನೇ ನಡುವಿನ ಸ್ಥಿತಿಯಲ್ಲಿರುವ ಕುಟುಂಬಗಳ ನಿಜವಾದ ಆಸರೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಮದುವೆ ಮುರಿಯದೆಯೇ ಹೆಂಡತಿ, ಮಕ್ಕಳು ಮತ್ತು ತಂದೆ ತಾಯಿಗೆ ತಿಂಗಳ ಹಣ ಕೇಳುವ ಹಕ್ಕನ್ನು ಎಲ್ಲ ಧರ್ಮದವರಿಗೂ ಕೊಡುತ್ತದೆ. 2001ರವರೆಗೂ ಇದಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತೆಂಬುದು ಇಂದು ನಂಬಲು ಕಷ್ಟ. ವಿಚ್ಛೇದಿತ ಮುಸ್ಲಿಂ ಹೆಂಗಸಿಗೆ ಜೀವನಾಂಶ ಕೊಡಿಸಿದ 1985ರ ಶಾಬಾನೊ ತೀರ್ಪು, ಅದನ್ನು ಮೊಟಕುಗೊಳಿಸಲು ಬಂದ 1986ರ ಶಾಸನ, ಆ ಶಾಸನವನ್ನೇ ಹೆಣ್ಣಿನ ಪರವಾಗಿ ಅರ್ಥೈಸಿದ 2001ರ ತೀರ್ಪು ಇವುಗಳ ಸರಣಿಯಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿಚ್ಛೇದಿತ ಮುಸ್ಲಿಂ ಹೆಂಗಸಿಗೂ 125ನೇ ಕಲಮಿನ ಹಕ್ಕು ಇದ್ದೇ ಇದೆ ಎಂದಿತು. ಆ ಪ್ರಕರಣದಲ್ಲಿ ಪ್ರತ್ಯೇಕ ತೀರ್ಪು ಬರೆದ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಸ್ವಂತ ಆದಾಯವಿಲ್ಲದ ಗೃಹಿಣಿಗೆ ಜಂಟಿ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಮುಂತಾದವುಗಳ ಮೂಲಕ ಹಣದ ಮೇಲೆ ಅಧಿಕಾರ ಕೊಡುವುದು ಗಂಡನ ಕರ್ತವ್ಯವೆಂಬ ಅರ್ಥದ ಮಾತುಗಳನ್ನು ಆಡಿದ್ದು ಗಮನಾರ್ಹ. ಏಕೆಂದರೆ ಜೀವನಾಂಶದ ವ್ಯಾಜ್ಯದಲ್ಲಿ ಹೆಂಡತಿ ಮೊದಲು ಸೋಲುವುದೇ ಗಂಡನ ಆದಾಯ ಎಷ್ಟೆಂದು ಅವಳಿಗೆ ಗೊತ್ತಿಲ್ಲದಿರುವುದರಿಂದ. 2020ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶವು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು ಎಂದು ನಿಯಮ ಹಾಕಿದ್ದು ಈ ದೃಷ್ಟಿಯಿಂದ ಬಹುಶಃ ಇತ್ತೀಚಿನ ಅತ್ಯಂತ ಉಪಯುಕ್ತ ತೀರ್ಪು. ಆದರೂ ಸಂಬಳದ ಚೀಟಿ ಇಲ್ಲದ ಗಾರೆ ಕೆಲಸದವನ, ಆಟೊ ಓಡಿಸುವವನ, ಬೇಸಾಯಗಾರನ ಆದಾಯವನ್ನು ಪ್ರಮಾಣಪತ್ರದಿಂದ ಹೊರತೆಗೆಯುವುದು ಸುಲಭವಲ್ಲ. ಸರ್ಕಾರದ ಯೋಜನೆಗಳೂ ಈ ನಡುವಿನ ಸ್ಥಿತಿಯನ್ನು ಸರಿಯಾಗಿ ಗುರುತಿಸುವುದಿಲ್ಲ: ಕರ್ನಾಟಕದ ಮನಸ್ವಿನಿ ಮಾಸಾಶನ 40ರಿಂದ 64 ವರ್ಷದ ಅವಿವಾಹಿತ ಮತ್ತು ವಿಚ್ಛೇದಿತ ಬಡ ಹೆಂಗಸರಿಗೆಂದು ರೂಪುಗೊಂಡದ್ದು, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ದಾಖಲಾದವಳಿಗೆ. ವಿಚ್ಛೇದನ ಪಡೆಯದೆ ತವರಿಗೆ ಮರಳಿ, ಅಲ್ಲಿ ತಾಯಿಯೋ ಅತ್ತಿಗೆಯೋ ಯಜಮಾನಿಯಾಗಿರುವ ಚೀಟಿಯಲ್ಲಿ ಹೆಸರು ಸೇರಿಸಿಕೊಂಡವಳು ಎರಡರ ಅಂಚಿನಲ್ಲೂ ಜಾರಿಬೀಳುತ್ತಾಳೆ.

ಹಣಕ್ಕಿಂತಲೂ ತುರ್ತಾದದ್ದು ಸೂರು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಅಧಿನಿಯಮದ ನಿಜವಾದ ಹೊಸತನ ಇರುವುದು ಅದರ 17ನೇ ಕಲಮಿನಲ್ಲಿ. ಮನೆ ಯಾರ ಹೆಸರಿನಲ್ಲಿದ್ದರೂ, ದಂಪತಿ ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಗಸಿಗಿದೆ ಎಂದು ಅದು ಹೇಳಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಅತ್ತೆ ಮಾವನ ಹೆಸರಿನ ಮನೆಗೆ ಇದು ಅನ್ವಯಿಸದು ಎಂದು ಆ ಹಕ್ಕನ್ನು ಕುಗ್ಗಿಸಿತು, 2020ರಲ್ಲಿ ತಾನೇ ಆ ತೀರ್ಪನ್ನು ತಿದ್ದಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಪ್ರಕರಣ ಇನ್ನೊಂದು ಇಕ್ಕಟ್ಟನ್ನು ಮುಂದಿಟ್ಟಿತು. ಗಂಡ ಕೊಂಡ ಮನೆ ಅವನ ತಂದೆಯ ಹೆಸರಿಗೂ ಅಲ್ಲಿಂದ ತಾಯಿಯ ಹೆಸರಿಗೂ ವರ್ಗವಾಗಿ, ಅತ್ತೆ ಮಾವ 2007ರ ಹಿರಿಯ ನಾಗರಿಕರ ಪಾಲನೆ ಅಧಿನಿಯಮದಡಿ ಸೊಸೆಯನ್ನು ಹೊರಹಾಕುವ ಆದೇಶ ಪಡೆದಿದ್ದರು. ಹಿರಿಯರನ್ನು ಕಾಪಾಡುವ ಶಾಸನವನ್ನು ಸೊಸೆಯ ವಾಸದ ಹಕ್ಕನ್ನು ಅಳಿಸಲು ಬಳಸಲಾಗದು, ಎರಡು ಶಾಸನಗಳನ್ನೂ ಹೊಂದಿಸಿ ಓದಬೇಕು ಎಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ನಗರದ ಮಧ್ಯಮ ವರ್ಗದ ಕುಟುಂಬದಲ್ಲಿ ಮುಪ್ಪಿನ ತಂದೆ ತಾಯಿಯ ಹಕ್ಕೂ ಸೊಸೆಯ ಹಕ್ಕೂ ಒಂದೇ ಫ್ಲ್ಯಾಟಿನೊಳಗೆ ಡಿಕ್ಕಿ ಹೊಡೆಯುವುದು ಇನ್ನು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ದೌರ್ಜನ್ಯದ ಪ್ರಮಾಣವಂತೂ ಸಣ್ಣದಲ್ಲ: ಮೇಲೆ ಹೇಳಿದ ಅದೇ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರ ಮೇಲೆ ಗಂಡನ ಹಿಂಸೆಯ ಪ್ರಮಾಣ ಕರ್ನಾಟಕದಲ್ಲಿ ಶೇ 44ರಷ್ಟಿದ್ದು, ದೊಡ್ಡ ರಾಜ್ಯಗಳಲ್ಲೇ ಅತಿ ಹೆಚ್ಚಿನದಾಗಿತ್ತು. ವರದಕ್ಷಿಣೆ ಕಿರುಕುಳದ ಬಗೆಗಿನ, ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ ಕಲಮಿನ ದುರ್ಬಳಕೆಯ ದೂರುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಯಾಂತ್ರಿಕ ಬಂಧನಕ್ಕೆ ತಡೆ ಹಾಕುವ ಮೂಲಕ ಪರಿಗಣಿಸಿದೆ. ದುರ್ಬಳಕೆ ಇದೆ ಎಂಬುದು ನಿಜ, ಆದರೆ ಅದನ್ನೇ ಇಡೀ ಚಿತ್ರವೆಂದು ತೋರಿಸುವವರು ಈ ಶೇಕಡಾ 44ಕ್ಕೆ ಉತ್ತರ ಹೇಳಬೇಕಾಗುತ್ತದೆ.

1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮವು ಈ ವ್ಯಾಜ್ಯಗಳನ್ನು ಸಾಮಾನ್ಯ ಸಿವಿಲ್ ದಾವೆಗಳಿಂದ ಬೇರ್ಪಡಿಸಿ, ರಾಜಿಯ ಯತ್ನವನ್ನು ನ್ಯಾಯಾಧೀಶರ ಕರ್ತವ್ಯವನ್ನಾಗಿ ಮಾಡಿತು. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಂತಹ ವ್ಯವಸ್ಥೆಗಳು ಜೀವನಾಂಶ ಮತ್ತು ಮಕ್ಕಳ ಭೇಟಿಯ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಬಲ್ಲವು. ಹೊಡೆತ ತಿಂದು ಬಂದವಳನ್ನು ‘ಹೊಂದಿಕೊಂಡು ಹೋಗಮ್ಮ’ ಎಂದು ಮರಳಿ ಕಳಿಸುವ ರಾಜಿ ಮಾತ್ರ ಮಧ್ಯಸ್ಥಿಕೆಯಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಕಾನೂನಿನ ಮಾತಿಗೂ ನ್ಯಾಯಾಲಯದ ನಡೆಗೂ ದೊಡ್ಡ ಅಂತರ ಕಾಣುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 6ನೇ ಕಲಮು ತಂದೆಯನ್ನು ಸಹಜ ಪಾಲಕ ಎಂದು ಕರೆದು, ಅವನ ನಂತರ ತಾಯಿ ಎನ್ನುತ್ತದೆ. ಪಾಲಕತ್ವವೆಂದರೆ ಮಗುವಿನ ಶಿಕ್ಷಣ, ಆಸ್ತಿ, ದಾಖಲೆಗಳ ಕುರಿತು ತೀರ್ಮಾನಿಸುವ ಅಧಿಕಾರ. ಸುಪರ್ದಿ ಎಂದರೆ ಮಗು ದಿನನಿತ್ಯ ಯಾರ ಬಳಿ ಇರುತ್ತದೆ ಎಂಬುದು. ಎರಡೂ ಬೇರೆಯಾದ್ದರಿಂದ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಅದೇ ಕಲಮು ಹೇಳಿದರೂ, ಕಾಗದದ ಮೇಲಿನ ಅಧಿಕಾರ ತಂದೆಯದೇ ಆಗಿರುತ್ತದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಅರ್ಜಿ ಹಾಕಿದಾಗ ತಂದೆಯ ಸಹಿ ಬೇಕೆಂದದ್ದರಿಂದ ಹುಟ್ಟಿದ ಪ್ರಕರಣದಲ್ಲಿ, 1999ರಲ್ಲಿ ಸುಪ್ರೀಂ ಕೋರ್ಟ್, ತಂದೆ ಹೊಣೆ ಹೊರದಿದ್ದಾಗಲೂ ತಾಯಿ ಪಾಲಕಳಾಗಬಹುದು ಎಂದು ಕಲಮನ್ನು ಹಿಗ್ಗಿಸಿ ಓದಿತು. ಕಲಮಿನ ಅಕ್ಷರ ಮಾತ್ರ ಇಂದಿಗೂ ಬದಲಾಗಿಲ್ಲ. ಸಂಸತ್ತಿಗಿಂತ ಕಚೇರಿಗಳೇ ಕೆಲವೊಮ್ಮೆ ಮುಂದೆ ನಡೆದಿವೆ. 2016ರ ಡಿಸೆಂಬರಿನ ನಿಯಮಗಳಂತೆ ಮಗುವಿನ ಪಾಸ್‌ಪೋರ್ಟಿಗೆ ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕು, ವಿಚ್ಛೇದನದ ಆದೇಶವನ್ನು ಲಗತ್ತಿಸಬೇಕಿಲ್ಲ.

ಸುಪರ್ದಿಯ ತೀರ್ಪುಗಳಲ್ಲಿ ‘ಮಗುವಿನ ಹಿತವೇ ಪರಮ’ ಎಂಬ ಸೂತ್ರ ಎಲ್ಲ ಕಡೆ ಬರುತ್ತದೆ. ಸೂತ್ರ ಸರಿಯಾದದ್ದೇ, ಆದರೆ ಹಿತವೆಂದರೇನೆಂದು ಶಾಸನ ಬಿಡಿಸಿ ಹೇಳದ ಕಾರಣ ಒಬ್ಬ ನ್ಯಾಯಾಧೀಶರಿಗೆ ಉದ್ಯೋಗಸ್ಥ ತಾಯಿ ಹಿತವೆನಿಸಿದರೆ ಇನ್ನೊಬ್ಬರಿಗೆ ಅದೇ ಕೊರತೆಯೆನಿಸಬಹುದು. ರೂಢಿಯಲ್ಲಿ ಮಗು ಒಬ್ಬರ ಬಳಿ ಇದ್ದು, ಇನ್ನೊಬ್ಬರಿಗೆ ತಿಂಗಳಿಗೆ ಕೆಲವು ಗಂಟೆಗಳ ಭೇಟಿಯ ಹಕ್ಕು ಸಿಗುತ್ತದೆ; ಆ ಭೇಟಿ ನ್ಯಾಯಾಲಯದ ಆವರಣದ ಕೋಣೆಯಲ್ಲಿ ನಡೆದರೆ ತಂದೆ ಮಗುವಿನ ಪಾಲಿಗೆ ಹಾಜರಿ ಹಾಕಿಹೋಗುವ ಅತಿಥಿಯಾಗಿಬಿಡುತ್ತಾನೆ. ಇದಕ್ಕೆ ಬದಲಾದ ದಾರಿಯನ್ನು ತೋರಿದ್ದು ಕರ್ನಾಟಕ ಹೈಕೋರ್ಟಿನ 2013ರ ಒಂದು ತೀರ್ಪು. ಬಾಲಕನೊಬ್ಬ ಜನವರಿಯಿಂದ ಜೂನ್ ಕೊನೆಯವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ಕೊನೆಯವರೆಗೆ ತಾಯಿಯ ಬಳಿ ಇರಬೇಕು, ಶನಿವಾರ ಭಾನುವಾರಗಳಲ್ಲಿ ಇನ್ನೊಬ್ಬರು ಭೇಟಿಯಾಗಬಹುದು, ಫೋನು ಮತ್ತು ವಿಡಿಯೊ ಸಂಪರ್ಕಕ್ಕೆ ಅಡ್ಡಿಯಿರಬಾರದು, ಓದಿನ ಖರ್ಚನ್ನು ಇಬ್ಬರೂ ಸಮನಾಗಿ ಹೊರಬೇಕು ಎಂದು ವಿಭಾಗೀಯ ಪೀಠ ಆದೇಶಿಸಿತು. ಕಾನೂನು ಆಯೋಗವು 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಗೆ ಶಾಸನದ ರೂಪ ಕೊಡಬೇಕೆಂದು ಶಿಫಾರಸು ಮಾಡುವಾಗ ಈ ತೀರ್ಪನ್ನು ಉಲ್ಲೇಖಿಸಿತು. ಶಿಫಾರಸು ಕಡತದಲ್ಲಿಯೇ ಉಳಿದಿದೆ. ಜಂಟಿ ಸುಪರ್ದಿ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನೂ ಒಪ್ಪಬೇಕು: ಹಿಂಸೆ ನಡೆದ ಮನೆಗಳಲ್ಲಿ ಅದು ಹಿಂಸೆಯನ್ನು ಮುಂದುವರಿಸುವ ಉಪಾಯವಾಗಬಹುದು, ಇಬ್ಬರೂ ಒಂದೇ ಊರಿನಲ್ಲಿ ಇಲ್ಲದಿದ್ದರೆ ಮಗುವಿನ ಶಾಲೆಯೇ ಇಬ್ಭಾಗವಾಗುತ್ತದೆ.

ಊರು ಬೇರೆಯಾಗುವ ಬದಲು ದೇಶವೇ ಬೇರೆಯಾದಾಗ ತೊಡಕು ಇನ್ನಷ್ಟು ಬಿಗಿಯುತ್ತದೆ, ಮತ್ತು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಒಪ್ಪಿಗೆಯಿಲ್ಲದೆ ಬೇರೆ ದೇಶಕ್ಕೆ ಕರೆದೊಯ್ದ ಮಗುವನ್ನು ಮೂಲ ದೇಶಕ್ಕೆ ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಿಂಸೆ ತಾಳಲಾರದೆ ಮಗುವಿನೊಡನೆ ತವರಿಗೆ ಓಡಿಬರುವ ತಾಯಂದಿರನ್ನು ಅಪಹರಣಕಾರರೆಂದು ಕರೆಯಬೇಕಾಗುತ್ತದೆ ಎಂಬುದು ಸಹಿ ಹಾಕದಿರುವುದಕ್ಕೆ ಕೊಡುವ ಕಾರಣ, ಅದರಲ್ಲಿ ಹುರುಳಿದೆ. ಆದರೆ ಒಪ್ಪಂದವಿಲ್ಲದ ಕಾರಣ ಪ್ರತಿಯೊಂದು ಪ್ರಕರಣವೂ ಹೈಕೋರ್ಟಿನ ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ, ಅಂದರೆ ಅಕ್ರಮವಾಗಿ ಇರಿಸಿಕೊಂಡವರನ್ನು ಹಾಜರುಪಡಿಸಿ ಎಂಬ ಕೋರಿಕೆಯಾಗಿ ಬಂದು, ಫಲಿತಾಂಶ ಪೀಠದಿಂದ ಪೀಠಕ್ಕೆ ಬದಲಾಗುತ್ತದೆ. ವಿದೇಶಿ ನ್ಯಾಯಾಲಯದ ವಿಚ್ಛೇದನಕ್ಕೂ ಇದೇ ಅನಿಶ್ಚಿತತೆ ಇದೆ: ದಂಪತಿ ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನು ಒಪ್ಪುವ ಆಧಾರವಿಲ್ಲದಿದ್ದರೆ ಅಂತಹ ಆದೇಶ ಭಾರತದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ ಎಂದು 1991ರ ತೀರ್ಪು ಹೇಳಿದೆ. ಹೀಗಾಗಿ ಒಬ್ಬರೇ ಮನುಷ್ಯರು ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದಿತರೂ ಮೈಸೂರಿನಲ್ಲಿ ವಿವಾಹಿತರೂ ಆಗಿರಬಹುದು.

ಮದುವೆಯ ಹೊರಗಿನ ಕುಟುಂಬಗಳ ಬಗ್ಗೆ ಕಾನೂನು ಇನ್ನೂ ತಡವರಿಸುತ್ತಿದೆ. ಮದುವೆಯಾಗದೆ ಕೂಡಿ ಬಾಳುವ ಹೆಂಗಸಿಗೆ 2005ರ ಅಧಿನಿಯಮ ರಕ್ಷಣೆ ಕೊಟ್ಟರೆ, ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ ಅಂತಹ ಸಂಬಂಧವನ್ನು ನೋಂದಾಯಿಸಲೇಬೇಕೆಂದು ಕಾವಲುಗಾರನ ಧೋರಣೆ ತಳೆಯುತ್ತದೆ. ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ನಿರಾಕರಿಸಿ, ಅದು ಸಂಸತ್ತಿನ ಕೆಲಸವೆಂದಿತು.

ಕೊನೆಗೆ ಉಳಿಯುವುದು ಆಸ್ತಿಯ ಪ್ರಶ್ನೆ, ಮತ್ತು ಭಾರತದ ಕುಟುಂಬ ಕಾನೂನಿನ ಅತಿ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಮಗಳಾಗಿ ಹೆಣ್ಣಿನ ಹಕ್ಕು ಬೆಳೆದಿದೆ. ಕರ್ನಾಟಕವು ಕೇಂದ್ರಕ್ಕಿಂತ ಮೊದಲೇ, 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧ ಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಮದುವೆಯಾದವರಿಗೂ ವಿಸ್ತರಿಸಿತು. 2005ಕ್ಕೆ ಮೊದಲು ತಂದೆ ತೀರಿಕೊಂಡಿದ್ದರೆ ಹೇಗೆ ಎಂಬ ಗೊಂದಲವನ್ನು 2020ರ ತೀರ್ಪು ಮಗಳ ಪರವಾಗಿ ಬಗೆಹರಿಸಿತು. ಅರಿಶಿನ ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಕೊಟ್ಟು, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳುವ ಪರಿಪಾಠ ಇನ್ನೂ ನಿಂತಿಲ್ಲವಾದರೂ, ಹಕ್ಕಂತೂ ಇದೆ. ಆದರೆ ಹೆಂಡತಿಯಾಗಿ, ಇಪ್ಪತ್ತು ವರ್ಷ ದುಡಿದು ಕಟ್ಟಿದ ಸಂಸಾರದ ಆಸ್ತಿಯಲ್ಲಿ ಅವಳಿಗೆ ಪಾಲು ಎಂಬುದೇ ಕಾನೂನಿನಲ್ಲಿಲ್ಲ. ಜೀವನಾಂಶ ಅವಳ ಅಗತ್ಯವನ್ನೂ ಗಂಡನ ಶಕ್ತಿಯನ್ನೂ ಅಳೆಯುತ್ತದೆಯೇ ಹೊರತು ಅವಳ ದುಡಿಮೆಯನ್ನಲ್ಲ. ಕಾರವಾರದ ಗಡಿ ದಾಟಿದರೆ ಸಿಗುವ ಗೋವಾದಲ್ಲಿ, 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಬಳುವಳಿಯಾಗಿ, ಬೇರೆ ಒಪ್ಪಂದ ಮಾಡಿಕೊಳ್ಳದ ದಂಪತಿಯ ಆಸ್ತಿ ಮದುವೆಯೊಡನೆ ಜಂಟಿಯಾಗುತ್ತದೆ, ಬೇರ್ಪಟ್ಟರೆ ಅರ್ಧರ್ಧ. ಗೃಹಿಣಿಯ ಮನೆಗೆಲಸವೂ ಗಂಡನ ಆಸ್ತಿ ಸಂಪಾದನೆಗೆ ಕೊಡುಗೆಯೇ ಎಂದು 2023ರಲ್ಲಿ ಮದರಾಸು ಹೈಕೋರ್ಟ್ ಹೇಳಿ ಪಾಲು ಕೊಟ್ಟಿತಾದರೂ, ಅದು ಒಂದು ಪ್ರಕರಣದ ತೀರ್ಪು, ದೇಶದ ಶಾಸನವಲ್ಲ. ಮುರಿದುಬಿದ್ದ ಮದುವೆಯನ್ನು ವಿಚ್ಛೇದನದ ಆಧಾರವನ್ನಾಗಿ ಮಾಡುವುದರ ಜೊತೆಗೇ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಅವಕಾಶವನ್ನೂ ಸೇರಿಸಿದ್ದ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಗೆ ರಾಜ್ಯಸಭೆ 2013ರ ಆಗಸ್ಟಿನಲ್ಲಿ ಒಪ್ಪಿಗೆ ನೀಡಿತು. ಲೋಕಸಭೆ ಅದನ್ನು ಅಂಗೀಕರಿಸುವ ಮೊದಲೇ 2014ರಲ್ಲಿ ಸದನದ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು.